ಹೊಲಿಗೆ ಕಾಣದ ಆಪರೇಷನ್

ಪಕ್ಕದ ಮನೆಯ ಪುಟ್ಟಮಾದಮ್ಮ ನನ್ನ ಗಲ್ಲ ಎತ್ತಿ, ಮೊಬೈಲ್ ಟಾರ್ಚ್ ಹಾಕಿ, ಕತ್ತಿನ ಸುತ್ತ ಹುಡುಕಿದರು. “ಎಲ್ಲಿ ಕುಯ್ದವ್ರೆ ಮಿಸ್ಸಮ್ಮ? ಒಂದು ಒಲಿಗೆನೂ ಇಲ್ವಲ್ಲ.”

ನಮ್ಮ ಬೆಂಗಳೂರು ಕಂಟೋನ್ಮೆಂಟಿನಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ‘ಗೆಟ್ ವೆಲ್’ ಕಾರ್ಡ್ ಕಳಿಸಿ ದೂರ ಉಳಿಯುವುದೇ ಮ್ಯಾನರ್ಸ್. ಗುಂಡ್ಲುಪೇಟೆಯಲ್ಲಿ ಮರ್ಯಾದೆಯೆಂದರೆ ಬ್ರೆಡ್ಡು, ಎಳನೀರು ಹಿಡಿದು ಬಂದು ಗಾಯ ನೋಡುವುದು. ನೋಡದೆ ಹೋದರೆ ಬಂದಂತೆಯೇ ಅಲ್ಲ.

ಬ್ಯಾಂಕಿನಲ್ಲಿರುವ ತಂಗಿಯ ಮಗಳು ಶೀಲಾಗೆ ಇಲ್ಲಿಗೆ ವರ್ಗವಾದಾಗ ನಾನೂ ಜೊತೆಗೆ ಬಂದೆ. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟು ಮಿಸ್ಸಮ್ಮನಾದೆ. ದನಿ ಒಡೆದಾಗ ಈರುಳ್ಳಿ ಲಾರಿಗಳ ಧೂಳನ್ನು ಬೈದೆ. ಚಾಮರಾಜನಗರದ ಆಸ್ಪತ್ರೆಯಲ್ಲಿ ನೋಡಿದರೆ ಧ್ವನಿತಂತುವಿನ ಮೇಲೆ ಸಣ್ಣ ಕ್ಯಾನ್ಸರ್. ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ಗೆದ್ದ ಗಂಟಲು ಅದು. ಜೀವಕ್ಕಿಂತ ದನಿ ಹೋದೀತೆಂದೇ ಹೆಚ್ಚು ಹೆದರಿದೆ. ಡಾಕ್ಟರಮ್ಮ ಕತ್ತು ಕೊಯ್ಯದೆ, ಬಾಯಿಯ ಮೂಲಕವೇ ಲೇಸರ್ ಹಾಯಿಸಿ, ಕೆಟ್ಟಿದ್ದಷ್ಟನ್ನೇ ತೆಗೆದರು. “ದನಿ ಉಳಿಬಹುದು, ಪ್ರಾಮಿಸ್ ಮಾಡಲ್ಲ. ನಾನು ಹೇಳೋವರೆಗೂ ಪಿಸುಮಾತೂ ಬೇಡ.”

ಹಾಗಾಗಿ ಪುಟ್ಟಮಾದಮ್ಮನಿಗೆ ಬಾಯಿ ತೆರೆದು, ಒಳಗೆ ಬೆರಳು ತೋರಿಸಿದೆ.

“ಅಸಿವಂತೆ, ಪಾಪ.” ಮುದ್ದೆ, ಬಸ್ಸಾರು ಬಂತು. ಹಸಿವಲ್ಲವೆಂದು ತಲೆಯಾಡಿಸಿದೆ. “ಬ್ಯಾಡ್ವಂತೆ. ಉಪ್ಸಾರು ಮಾಡನ.”

ಅವರ ಯಜಮಾನರು ಈರುಳ್ಳಿ ಮಂಡಿಯ ಶಿವಮಲ್ಲಪ್ಪ. “ಕುಯ್ದೇ ಇಲ್ಲ ಕಣೆ. ಸುಮ್ನೆ ಮಲಗ್ಸಿ ಕಳ್ಸವ್ರೆ. ಇಂಗ್ಲಿಸ್ ಓದಿರೋರ್ನ ಯಾಮಾರ್ಸದು ಸುಲಬ.”

“ನಿಮ್ಮ ಒಟ್ಟೆ ಆಪ್ರೇಸನ್ ಒಲಿಗೆನ ಅಂಗಿ ಎತ್ತಿ ಊರಿಗೆಲ್ಲ ತೋರ್ಸುದ್ರಲ್ಲ, ಅಂಗೆ ತೋರ್ಸಿಲ್ಲ ಅಂತಾನಾ? ಸುಮ್ಕಿರಿ.”

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಉಪ್ಸಾರಿನ ಜೊತೆ ನುಂಗಿದೆ.

ಕೊನೆಗೆ ಡಾಕ್ಟರಮ್ಮ ಒಪ್ಪಿಗೆ ಕೊಟ್ಟರು. ಬಾಯಿ ತೆರೆದರೆ ತಗಡಿನ ಟ್ರಂಕನ್ನು ನೆಲದ ಮೇಲೆ ಎಳೆದಂತೆ ಒಂದು ಸದ್ದು. ಮಾತೇನೋ ಹೌದು, ನನ್ನದೇ ಎಂದು ಆಣೆ ಮಾಡಲಾರೆ. ಬೆಂಗಳೂರಿಗೆ, ತಂಗಿಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ.

“ಯಾರಪ್ಪಾ ನೀನು? ರಾಂಗ್ ನಂಬರ್,” ಎಂದು ಇಟ್ಟಳು.

ಹಿತ್ತಿಲಲ್ಲಿ ಪುಟ್ಟಮಾದಮ್ಮನ ಮೇಕೆ ನನ್ನ ಗುಲಾಬಿ ಮೇಯುತ್ತಿತ್ತು. “ಗೆಟ್ ಔಟ್,” ಎಂದೆ, ಆ ಟ್ರಂಕಿನ ದನಿಯಲ್ಲೇ. ಗೋಡೆಯಾಚೆಯಿಂದ ಕೇಳಿಸಿತು: “ರೀ, ಮಿಸ್ಸಮ್ಮ ಬೈತಾವ್ರೆ. ಮ್ಯಾಕೆ ಇಡ್ಕೊಳ್ಳಿ ಬನ್ನಿ.” ಶಿವಮಲ್ಲಪ್ಪ ಪಂಚೆ ಎತ್ತಿಕಟ್ಟಿಕೊಂಡು ಓಡಿ ಬಂದರು.

ಎರಡನೆಯ ಸಲ ಫೋನ್ ಮಾಡಿದಾಗ ತಂಗಿ ನಂಬಿ, ಅತ್ತಳು. “ಇಲ್ಲಿಗೇ ಬಂದ್ಬಿಡು ಅಕ್ಕ. ಹಳೇ ದನಿ ವಾಪಸ್ ಬರುತ್ತೆ.”

ಬಂದರೂ ಬರಬಹುದು. ಅದನ್ನು ಬಲ್ಲವರೆಲ್ಲ ಅಲ್ಲೇ ಇದ್ದಾರೆ. ಆದರೆ ಈಗ ಇರುವ ಈ ದನಿಗೆ ಓಡಿ ಬಂದು ಮೇಕೆ ಹಿಡಿಯುವವರು ಅಲ್ಲಿ ಯಾರಿದ್ದಾರೆ?