ಖಾಲಿ ಜಾಗದ ಉದ್ದೇಶ

ಕಚೇರಿಯಲ್ಲಿ ಅವರಿಗೆ ಖಾಲಿ ಸಾಹೇಬರು ಎಂದು ಹೆಸರು ಬಿದ್ದಿತ್ತು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೂ ಅವರಿಗೆ ಗೊತ್ತಿತ್ತು. ಸೇನೆಗೆ ಗುಂಡು ತೂರದ ವಾಹನಗಳನ್ನು ರೂಪಿಸುವ ಕಚೇರಿ ಅದು. ಮೂರನೇ ಮಹಡಿಯಲ್ಲಿ, ಕಿಟಕಿಗೆ ಬೆನ್ನು ಮಾಡಿದ ಮೇಜಿನಲ್ಲಿ ಕೂತು, ಯಾವ ಉಪಕರಣ ಎಲ್ಲಿ ಕೂರಬೇಕು, ಅದಕ್ಕೆ ವಿದ್ಯುತ್ ಎಷ್ಟು, ತೂಕ ಎಷ್ಟು ಎಂದು ಹೊಂದಿಸುತ್ತ ಅವರು ಇಪ್ಪತ್ತಾರು ವರ್ಷ ಕಳೆದಿದ್ದರು.

ಅವರದು ಒಂದೇ ಹಟ. ವಾಹನ ಮೂವತ್ತು ವರ್ಷ ಓಡುತ್ತದೆ, ಒಳಗಿನ ಉಪಕರಣ ಐದಾರು ವರ್ಷಕ್ಕೆ ಹಳತಾಗುತ್ತದೆ. ನಾಳೆ ಏನು ಬರುವುದೋ ಯಾರು ಕಂಡವರು? ಚಾಲಕನ ಹಿಂದೆ ಒಂದು ಟ್ರಂಕಿನಷ್ಟು ಜಾಗ ಸುಮ್ಮನೆ ಬಿಡಿ, ಅಲ್ಲಿಯವರೆಗೆ ಒಂದು ದಪ್ಪ ವೈರು ಎಳೆದಿಡಿ ಎನ್ನುತ್ತಿದ್ದರು. ನಾಲ್ಕು ವಾಹನಗಳಲ್ಲಿ ಕೇಳಿದ್ದರು. ಒಂದರಲ್ಲಿ ಆ ಜಾಗಕ್ಕೆ ನೀರಿನ ಕ್ಯಾನುಗಳು ಬಂದವು, ಇನ್ನೊಂದರಲ್ಲಿ ಹೆಚ್ಚುವರಿ ಸೀಟು. ಉಳಿದೆರಡರಲ್ಲಿ ವಾಹನವನ್ನೇ ಅಷ್ಟು ಗಿಡ್ಡ ಮಾಡಿದರು. ಮನೆಯಲ್ಲೂ ಕಪಾಟಿನ ಒಂದು ಖಾನೆ ಖಾಲಿ ಇಡುವುದು ಅವರ ಅಭ್ಯಾಸ. “ನಿಮಗೆ ಬೇಕಾಗಿರೋದು ಜಾಗ ಅಲ್ಲ ಕಣ್ರೀ, ಅದನ್ನ ಕಾಯೋ ಕೆಲಸ” ಎಂದು ಹೆಂಡತಿ ಅದರಲ್ಲಿ ಕಂಬಳಿ ತುಂಬಿದ್ದರು.

ಐದನೆಯ ವಾಹನ ಬಂದಾಗ ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಇದೇ ಕೊನೆಯದು. ಈ ಸಲ ಅವರು ಬರೀ ಬಾಯಿಮಾತಿನಲ್ಲಿ ಹೋಗಲಿಲ್ಲ. ಹಳೆಯ ವಾಹನಗಳನ್ನು ಕೊಯ್ದು, ಬೆಸೆದು, ಹೊಸ ಉಪಕರಣ ತುರುಕಲು ವರ್ಕ್‌ಶಾಪಿನಲ್ಲಿ ಎಷ್ಟೆಷ್ಟು ತಿಂಗಳು ಹಿಡಿಯಿತು ಎಂಬುದನ್ನು ಕೆದಕಿ ತೆಗೆದು, ಖಾಲಿ ಜಾಗದ ಬೆಲೆ ಇಷ್ಟು ಎಂದು ತೋರಿಸಿದರು. ವಿನ್ಯಾಸಕ್ಕೆ ಒಪ್ಪಿಗೆ ಕೊಡುವ ಸಮಿತಿ ತಲೆದೂಗಿತು. ಅಧ್ಯಕ್ಷರು ಬೆನ್ನು ತಟ್ಟಿದರು.

ತೊಡಕಾದದ್ದು ಅರ್ಜಿ ನಮೂನೆಯಲ್ಲಿ. ಪ್ರತಿ ಜಾಗದ ಎದುರು ‘ಉದ್ದೇಶ’ ಎಂಬ ಅಂಕಣವಿತ್ತು. ‘ಮುಂದಿನ ಬಳಕೆಗೆ’ ಎಂದು ಬರೆದರೆ, ಸ್ಪಷ್ಟವಾಗಿಲ್ಲವೆಂದು ಎರಡು ಸಲ ವಾಪಸ್ ಬಂತು. ಪಕ್ಕದ ಮೇಜಿನಲ್ಲಿ ನಕ್ಷೆ ಬಿಡಿಸುವಾಕೆ ಹದಿನೆಂಟು ವರ್ಷ ಅವರನ್ನು ನೋಡಿದ್ದವಳು. “ಏನೋ ಒಂದು ಬರೆದು ಬಿಸಾಕಿ ಸಾರ್. ಹೆಸರೇ ಇಡದ ಮಗೂನ ಯಾವ ಸ್ಕೂಲಲ್ಲಿ ಸೇರಿಸ್ಕೋತಾರೆ?” ಎಂದಳು. ಅವರು ‘ಎರಡನೇ ಬ್ಯಾಟರಿ’ ಎಂದು ಬರೆದರು. ಅದೇ ದಿನ ಮಂಜೂರಾಯಿತು.

ಹನ್ನೊಂದು ತಿಂಗಳು ಅವರು ಹಗುರಾಗಿ ಓಡಾಡಿದರು. ಆ ಮಾದರಿಯ ಮೊದಲ ವಾಹನ ಸಿದ್ಧವಾದ ದಿನ ಶೆಡ್ಡಿಗೆ ಹೋಗಿ, ಬಾಗಿಲಿನಿಂದ ಬಗ್ಗಿ ಚಾಲಕನ ಸೀಟಿನ ಹಿಂದೆ ಕೈ ಹಾಕಿದರು. ಕೈಗೆ ಬ್ಯಾಟರಿ ತಗುಲಿತು. ನಾಲ್ಕು ಬೋಲ್ಟು ಬಿಗಿದು ಕೂರಿಸಿದ್ದರು. ಪಟ್ಟಿಯಲ್ಲಿ ಇದ್ದದ್ದನ್ನು ಖರೀದಿ ವಿಭಾಗ ತರಿಸಿತ್ತು, ಫಿಟ್ಟರು ಜೋಡಿಸಿದ್ದ. ರೇಡಿಯೋಗಳನ್ನೂ ಆಗಲೇ ಅದಕ್ಕೆ ಸೇರಿಸಿಯಾಗಿತ್ತು.

ಅದನ್ನು ತೆಗೆಸಿ ಎಂದು ಕೇಳಿದಾಗ ಅಧ್ಯಕ್ಷರು ಸಿಡುಕಲಿಲ್ಲ. “ಬರೆದಿದ್ದು ನೀವೇ ಅಲ್ವೇನ್ರೀ? ಮುನ್ನೂರು ಬಂದು ಗೋದಾಮಲ್ಲಿ ಕೂತಿವೆ. ಈಗ ಬೇಡ ಅಂದ್ರೆ ಯಾಕೆ ತರಿಸಿದ್ರಿ ಅಂತಾರೆ.”

ಮರುವರ್ಷ ಸೇನೆಯಿಂದ ಕಾಗದ ಬಂತು. ಡ್ರೋನ್ ಹತ್ತಿರ ಬರುವ ಮೊದಲೇ ಸುಳಿವು ಕೊಡುವ, ಬೇಕೆಂದಾಗ ಕೈಯಿಂದಲೇ ತಿರುಗಿಸಬೇಕಾದ ಹೊಸ ಯಂತ್ರ. ಗಾತ್ರ ಟ್ರಂಕಿನಷ್ಟು. ಎಲ್ಲಿ ಕೂರಿಸುವುದು? ಅವರು ಒಂದು ವಾರ ನಕ್ಷೆಯನ್ನು ತಿರುಗಿಸಿ ಮಗುಚಿ ನೋಡಿದರು. ಒಳಗೆ ಎಲ್ಲೂ ಹಿಡಿಸಲಿಲ್ಲ. ಚಾವಣಿಯ ಮೇಲೆ, ಕವಚದ ಹೊರಗೆ ಎಂದು ಉತ್ತರ ಬರೆದರು. ಯಂತ್ರ ನಡೆಸುವವನು ಎದೆಯವರೆಗೆ ಹೊರಗೆ ನಿಲ್ಲಬೇಕಾಗುತ್ತದೆ ಎಂಬುದನ್ನೂ ಬರೆದರು. ಅಧ್ಯಕ್ಷರು ಆ ಸಾಲಿನ ಕೆಳಗೆ ಗೆರೆ ಎಳೆದು, ‘ಹಿಡಿದುಕೊಳ್ಳಲು ಹಿಡಿಕೆ ಕೊಡಿ’ ಎಂದು ಸೇರಿಸಿ ಸಹಿ ಹಾಕಿದರು.

ಮಧ್ಯಾಹ್ನ ಅವರು ಹಿಡಿಕೆಯ ಅಳತೆ ಹೇಳುತ್ತಿದ್ದಾಗ ನಕ್ಷೆಯಾಕೆ ಪೆನ್ಸಿಲ್ ನಿಲ್ಲಿಸಿ ಕೇಳಿದಳು:

“ಒಂದು ಕೈಗಾ, ಎರಡು ಕೈಗಾ ಸಾರ್?”

“ಒಂದಕ್ಕೆ ಸಾಕಮ್ಮ. ಇನ್ನೊಂದು ಕೈಗೆ ಕೆಲಸ ಇರುತ್ತೆ.”