ಎಲೆಯಿಲ್ಲದ ಹೂವಿನ ಬುಡ ಗುಡಿಸಿದ್ದು

ವೈದ್ಯನಾಥಪುರದಿಂದ ಶಿಂಷಾ ಹೊಳೆಯ ದಂಡೆ ಹಿಡಿದು ಸ್ವಲ್ಪ ದೂರ ನಡೆದರೆ ನಮ್ಮ ಅಣ್ಣನ ಗದ್ದೆ. ಗದ್ದೆಯ ಅಂಚಿನಲ್ಲಿ, ನೆಲ ಹೊಳೆಗೆ ಇಳಿಯುವ ಕಡೆ, ಒಂದು ಬಿದಿರು ಮೆಳೆ ಇದೆ. ಅದರ ಬುಡದಲ್ಲಿ ಅರಿಸಿನ ಹಚ್ಚಿದ ಏಳು ಕಲ್ಲುಗಳು, ಅಕ್ಕಮ್ಮಂದಿರು ಎನ್ನುತ್ತೇವೆ. ಆ ಮೆಳೆಗೆ ಮಚ್ಚು ತಾಕಿಸಬಾರದು ಎಂಬುದು ನಮ್ಮ ಮನೆತನದ ಕಟ್ಟು. ಹಾಗಾಗಿ ಸುತ್ತಲೂ ಕಬ್ಬು ಬೆಳೆದು ನಿಂತರೂ ಅಷ್ಟು ಜಾಗ ಮಾತ್ರ ಕಾಡಿನ ಹಾಗೆ ಉಳಿದಿದೆ. ಉದುರಿದ ಎಲೆ ಉದುರಿದಲ್ಲೇ ಕೊಳೆಯುತ್ತದೆ. ಕಾಲಿಟ್ಟರೆ ಹಾಸಿಗೆಯ ಮೇಲೆ ಇಟ್ಟಂತೆ ಒಳಗಿಳಿಯುತ್ತದೆ.

ಹೋದ ವರ್ಷ ಬೇಸಿಗೆ ಮುಗಿದು ಮೊದಲ ದೊಡ್ಡ ಮಳೆಗಳು ಬಿದ್ದ ಮೇಲೆ ಅತ್ತಿಗೆ ಮಂಡ್ಯಕ್ಕೆ, ನನಗೆ ಫೋನ್ ಮಾಡಿದರು.

"ಮೆಳೆ ಕೆಳಗೆ ಊವ ಬಂದದೆ ಕಣವ್ವ. ಗಿಡ ಇಲ್ಲ, ಎಲೆ ಇಲ್ಲ, ಬರೀ ಊವ. ಅಕ್ಕಮ್ಮದೀರು ಒಪ್ಕಂಡವ್ರೆ."

ಏನನ್ನು ಒಪ್ಪಿಕೊಂಡರು ಎಂದು ನಾನು ಕೇಳಲಿಲ್ಲ. ಅವರ ಒಬ್ಬಳೇ ಮಗಳು, ಮಳವಳ್ಳಿಗೆ ಕೊಟ್ಟವಳು, ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿದ್ದಳು. ಐದನೇ ತಿಂಗಳು. ಹಿಂದೆ ಎರಡು ಸಲ ನಿಲ್ಲದೆ ಹೋಗಿತ್ತು. ಈ ಸಲವೂ ರಕ್ತ ಕಾಣಿಸಿಕೊಂಡು, ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿದ್ದರು. ನನ್ನ ಮನೆ ಹತ್ತಿರವಾದ್ದರಿಂದ ಬೆಳಿಗ್ಗೆ ಕಾಲೇಜಿಗೆ ಹೋಗುವ ಮುಂಚೆ ಗಂಜಿ, ಸಂಜೆ ಮೆತ್ತಗೆ ಬೇಯಿಸಿದ ಅನ್ನ ನಾನೇ ಒಯ್ಯುತ್ತಿದ್ದೆ. ಅತ್ತಿಗೆ ಮೆಳೆಯ ಕೆಳಗೆ ಕೈಮುಗಿದು, ಕೂಸು ಉಳಿಯುವುದಾದರೆ ಒಂದು ಗುರುತು ತೋರಿಸಿ ಎಂದು ಕೇಳಿಕೊಂಡಿದ್ದರು.

ಭಾನುವಾರ ಬಸ್ಸು ಹತ್ತಿ ಹೋದೆ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವಳು. ಆ ಹೂವನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದೆ. ನಮ್ಮ ಹೊಳೆಯ ದಂಡೆಯಲ್ಲಿ ಅದು ಇರಬಹುದೆಂದು ಯಾವತ್ತೂ ಯೋಚಿಸಿರಲಿಲ್ಲ.

ಐದಾರು ದಂಟುಗಳು ಎದ್ದಿದ್ದವು. ಕಾಯಿಸಿದ ಹಾಲಿನ ಕೆನೆಯ ಬಣ್ಣ. ಎಲ್ಲಿಯೂ ಹಸಿರಿಲ್ಲ. ದಂಟಿನ ಒಳಗೆ ಟೊಳ್ಳು, ಮುಟ್ಟಿದರೆ ನೀರು ತುಂಬಿದ ಹಾಗೆ ತಣ್ಣಗೆ. ಹೂವುಗಳು ತಲೆ ತಗ್ಗಿಸಿ ನೇತಾಡುತ್ತಿದ್ದವು. ಬಗ್ಗಿ ನೋಡಿದರೆ ಒಳಗೆ ಗುಲಾಬಿ ಬಣ್ಣದ ಸಣ್ಣ ಚುಕ್ಕೆಗಳು. ಅದು ನೆಲದಲ್ಲಿ ಬೆಳೆಯುವ ಒಂದು ಆರ್ಕಿಡ್. ನಮ್ಮ ಕಡೆ ಅದಕ್ಕೆ ಹೆಸರಿರುವುದನ್ನು ನಾನು ಕೇಳಿಲ್ಲ.

ಇಷ್ಟನ್ನು ನೋಡಿದ ಮೇಲೆ ನೆಲವನ್ನು ನೋಡಿದೆ. ನೆಲ ಬರಿದಾಗಿತ್ತು.

ಅತ್ತಿಗೆ ಹೂವಿನ ಸುತ್ತ ಒಂದು ಚಾಪೆಯಗಲ ಗುಡಿಸಿದ್ದರು. ತರಗೆಲೆಯೆಲ್ಲ ತಿಪ್ಪೆ ಸೇರಿತ್ತು. ಕೊಳೆತ ಬಿದಿರಿನ ಬೊಡ್ಡೆಗಳನ್ನೂ ಗುದ್ದಲಿಯಿಂದ ಎಬ್ಬಿಸಿ ಹೊರಗೆ ಹಾಕಿದ್ದರು. ಸಗಣಿ ನೀರು ಚಿಮುಕಿಸಿ, ಕೆಮ್ಮಣ್ಣು ಸಾರಿಸಿ, ರಂಗೋಲಿ ಬಿಟ್ಟಿದ್ದರು. ನಮ್ಮಲ್ಲಿ ದೇವರು ಬಂದ ಜಾಗವನ್ನು ಹೀಗೇ ನೋಡಿಕೊಳ್ಳುವುದು. ಮನೆ ಬಾಗಿಲನ್ನಾದರೂ ಹೀಗೇ. ಮಚ್ಚು ತಾಕಿಸಬಾರದು ಎಂದ ಹಿರಿಯರು ಪೊರಕೆಯ ಮಾತು ಆಡಿರಲಿಲ್ಲ.

"ಇನ್ನು ಗುಡಿಸ್ಬೇಡಿ ಅತ್ತಿಗೆ," ಎಂದೆ.

"ಯಾಕವ್ವ? ಕಸದಾಗೆ ಬುಡಕ್ಕಾಯ್ತದಾ?"

ಅಣ್ಣ ಬದುವಿನ ಮೇಲೆ ಕುಳಿತಿದ್ದ. "ಮೇಡಮ್ಮೋರು ಪಾಠ ಸುರು ಮಾಡ್ತಾರೆ, ಕೈ ಕಟ್ಕಂಡು ಕೇಳು," ಎಂದು ಹೆಂಡತಿಯನ್ನು ರೇಗಿಸಿದ.

ನಾನು ಪಾಠವನ್ನೇ ಮಾಡಿದೆ. ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಇದಕ್ಕೆ ಎಲೆಯಿಲ್ಲ, ಹಾಗಾಗಿ ಬಿಸಿಲಿನಿಂದ ಅನ್ನ ಮಾಡಿಕೊಳ್ಳಲು ಆಗುವುದಿಲ್ಲ. ಬೇರೂ ಇಲ್ಲ, ಕೆಳಗೆ ಒಂದು ಗೆಡ್ಡೆ ಮಾತ್ರ. ತರಗೆಲೆ, ಬೊಡ್ಡೆ ಕೊಳೆಯುವಾಗ ಅದರೊಳಗೆ ಬೂಷ್ಟಿನ ಹಾಗೆ ಬಿಳಿ ಎಳೆಗಳು ಹಬ್ಬುತ್ತವಲ್ಲ, ಮಳೆ ಬಂದಾಗ ಅಣಬೆಯಾಗಿ ಏಳುತ್ತವಲ್ಲ, ಆ ಎಳೆಗಳು ಗೆಡ್ಡೆಯ ಒಳಗೆ ಹೋಗುತ್ತವೆ. ಈ ಗಿಡ ಅವುಗಳನ್ನು ಕರಗಿಸಿಕೊಂಡು ಬದುಕುತ್ತದೆ. ಎಲೆ ಕೊಳೆಯದಿದ್ದರೆ ಎಳೆಯಿಲ್ಲ, ಎಳೆಯಿಲ್ಲದಿದ್ದರೆ ಇದಕ್ಕೆ ಊಟವಿಲ್ಲ.

"ಅಂಗಾರೆ ಗೇಯ್ದೆ ಕುಂತು ತಿನ್ನೋ ಜಾತಿ ಅನ್ನು," ಎಂದು ಅಣ್ಣ ನಕ್ಕ. "ನಮ್ಮ ಕಬ್ಬುಗೂ ಈ ಬುದ್ಧಿ ಕಲಿಸವ್ವ, ಗೊಬ್ಬರದಂಗಡಿ ಕಡೆ ತಲೆ ಹಾಕೋದು ತಪ್ತದೆ."

ಅತ್ತಿಗೆ ನಗಲಿಲ್ಲ. ದಂಟನ್ನೇ ನೋಡುತ್ತಿದ್ದರು. "ಒಟ್ಟೆ ಒಳಗಿನ ಕೂಸಿನಂಗೇ ಬುಡು. ಅದೂ ಅಂಗೇ ಅಲ್ವಾ, ದಾರದಾಗೆ ಉಣ್ಣೋದು."

ಆ ಹೋಲಿಕೆ ತಪ್ಪು ಎಂದು ತರಗತಿಯಲ್ಲಾದರೆ ಹೇಳುತ್ತಿದ್ದೆ.

"ಎಷ್ಟು ದಿನ ಇರ್ತದೆ?" ಎಂದು ಕೇಳಿದರು.

"ವಾರ ಇದ್ರೆ ಹೆಚ್ಚು, ಅತ್ತಿಗೆ."

"ಮಗ ಉಟ್ಟಗಂಟ ಇರಲ್ವಾ?"

"ಇಲ್ಲ. ಅದರ ಬದುಕೇ ಅಷ್ಟು. ಹೂವು ಬಿಟ್ಟು, ಬೀಜ ಉದುರಿಸಿ ಬಿದ್ದುಹೋಗ್ತದೆ. ಏನು ಮಾಡಿದ್ರೂ ಅಷ್ಟೇ."

ಅವರು ಸೆರಗಿನಿಂದ ಕೈ ಒರೆಸಿಕೊಂಡರು. "ಆಸ್ಪತ್ರೇಲಿ ಯೋಳ್ಬ್ಯಾಡ. ಅವ್ಳಿಗೆ ಊವ ಬಂದದೆ ಅಂತ ಯೋಳ್ಬುಟ್ಟಿವ್ನಿ."

ಮಾರನೆಯ ದಿನ ಗಂಜಿ ಒಯ್ದಾಗ ಅಣ್ಣನ ಮಗಳು ಮೊದಲು ಕೇಳಿದ್ದೇ ಅದನ್ನು. ಕಾಲಿನ ಕಡೆ ಮಂಚವನ್ನು ಎತ್ತರಿಸಿದ್ದರು. ಅವಳು ತಲೆ ಮಾತ್ರ ನನ್ನ ಕಡೆ ತಿರುಗಿಸಿದಳು.

"ನೋಡ್ದಾ ಅತ್ತೆ? ಚೆಂದಾಗದಾ?"

"ಚೆಂದಾಗದೆ ಕಣವ್ವ."

"ಫೋಟೋ ತೋರ್ಸು."

ತೋರಿಸಿದೆ. ನಾನು ತೆಗೆದ ಫೋಟೋಗಳಲ್ಲಿ ರಂಗೋಲಿ ಕಾಣದ ಒಂದನ್ನು ಆರಿಸಿದ್ದೆ. ಅವಳು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. "ಅವ್ವ ದಿನಾ ನೀರು ಉಯ್ತಾವ್ಳಂತೆ," ಎಂದಳು. ಆಮೇಲೆ ಚಮಚದಲ್ಲಿ ಕೊಟ್ಟಷ್ಟು ಗಂಜಿಯನ್ನೂ ಕುಡಿದಳು. ಹಿಂದಿನ ದಿನಗಳಲ್ಲಿ ಅರ್ಧಕ್ಕೇ ಸಾಕು ಎನ್ನುತ್ತಿದ್ದವಳು.

ಮುಂದೆ ಪ್ರತಿ ಬೆಳಿಗ್ಗೆ ಅದೇ ಪ್ರಶ್ನೆ: ಊವ ಹೆಂಗದೆ? ನಾನು ಮಂಡ್ಯದಲ್ಲಿರುವವಳು, ಕಂಡಿಲ್ಲ. "ಅವ್ವನ್ನ ಕೇಳವ್ವ," ಎನ್ನುತ್ತಿದ್ದೆ. ಅವ್ವ ಫೋನಿನಲ್ಲಿ "ಅಂಗೇ ಅದೆ" ಎನ್ನುತ್ತಿದ್ದರು. ಅಷ್ಟರಲ್ಲಿ ದಂಟುಗಳು ಮಲಗಿ, ಕಂದುಬಣ್ಣಕ್ಕೆ ತಿರುಗಿ, ನೀರಾಗಿ ಹೋಗಿದ್ದವು. ಅದನ್ನು ಅಣ್ಣ ನನಗೆ ಬೇರೆಯಾಗಿ ಫೋನ್ ಮಾಡಿ ಹೇಳಿದ್ದ. ಈ ಸಲ ಅವನು ತಮಾಷೆ ಮಾಡಲಿಲ್ಲ.

ಕೂಸು ಉಳಿಯಲಿಲ್ಲ. ಒಂದು ಮಧ್ಯಾಹ್ನ ಕಾಲೇಜಿಗೆ ಫೋನ್ ಬಂತು; ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಗರ್ಭಕೋಶದ ಬಾಯಿ ಸಡಿಲ, ಇಷ್ಟು ತಿಂಗಳಿಗೆ ಯಾರಿಂದಲೂ ಹಿಡಿದಿಡಲು ಆಗುತ್ತಿರಲಿಲ್ಲ ಎಂದು ಡಾಕ್ಟರು, ಊರಿಂದ ಓಡಿಬಂದಿದ್ದ ಅತ್ತಿಗೆಯನ್ನೂ ನನ್ನನ್ನೂ ನಿಲ್ಲಿಸಿ ಹೇಳಿದರು. ಸರಿಯಾಗಿ, ನಿಧಾನವಾಗಿ ಹೇಳಿದರು. ನಾನು ತರಗತಿಯಲ್ಲಿ ಹೇಳುವ ಹಾಗೆಯೇ.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅತ್ತಿಗೆ ನನ್ನ ಪಕ್ಕ ಕುಳಿತರು. ಅಳಲಿಲ್ಲ.

"ನಾನು ಗುಡಿಸಿದ್ದುಕ್ಕಾ?" ಎಂದು ಕೇಳಿದರು.

"ಅತ್ತಿಗೆ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಡಾಕ್ಟ್ರು ಹೇಳಿದ್ದು ಕೇಳಿದ್ರಲ್ಲ."

"ನೀನೇ ಅಲ್ವಾ ಯೋಳಿದ್ದು. ಎಳೆ ಕಿತ್ತೋದ್ರೆ ಊಟ ಸಿಗಲ್ಲ ಅಂತ. ನಾನು ಗುದ್ದಲೀಲಿ ಕಿತ್ತು ಹಾಕ್ದೆ."

ಸಂಬಂಧವಿಲ್ಲ ಎಂದು ಇನ್ನೊಂದು ಸಲ ಹೇಳಿದೆ. ಗುಡಿಸದಿದ್ದರೂ ಆ ಹೂವು ಬೀಳುತ್ತಿತ್ತು ಎಂದೆ. ಅವರು ತಲೆಯಾಡಿಸಿದರು. ನಾನು ಗುರುತನ್ನು ವಿವರಿಸಲು ಹೋಗಿ ಅವರ ಕೈಗೆ ಕಾರಣವನ್ನು ಕೊಟ್ಟಿದ್ದೆ. ಒಳಗಿನಿಂದ ಅಣ್ಣನ ಮಗಳು ನೀರು ಕೇಳಿದಳು. ಇಬ್ಬರೂ ಎದ್ದೆವು.

ಈ ವರ್ಷವೂ ಮಳೆ ಬಂತು. ಹೂವು ಬರಲಿಲ್ಲ. ಬರದಿರುವುದು ಹೊಸದಲ್ಲ, ಅದರ ಗೆಡ್ಡೆ ಎಷ್ಟೋ ವರ್ಷ ಸುಮ್ಮನೆ ಮಣ್ಣಿನೊಳಗೆ ಇರಬಲ್ಲದು. ಸತ್ತಿದೆಯೋ ಇದೆಯೋ ಎಂದು ಅಗೆದು ನೋಡಿದರೆ ಗೊತ್ತಾಗುತ್ತದೆ, ಅಗೆದರೆ ಉಳಿಯುವುದಿಲ್ಲ. ಬೀಜಗಳು ಧೂಳಿನಷ್ಟು ಸಣ್ಣವು, ಮೊಳೆಯುವುದಕ್ಕೂ ಅದೇ ಎಳೆ ಬೇಕು.

ಹೋದ ವಾರ ಊರಿಗೆ ಹೋದಾಗ ಅತ್ತಿಗೆ ಮಂಕರಿ ಹೊತ್ತು ಮೆಳೆಯ ಕಡೆ ಹೊರಟಿದ್ದರು. ಒಳಗೆ ತರಗೆಲೆ ಇತ್ತು. ಮನೆಯಂಗಳದ ಹಲಸು, ಬೇಲಿಯ ಹೊಂಗೆ, ಕಬ್ಬಿನ ಒಣಗಿದ ಸೋಗೆ, ಎಲ್ಲ ಸೇರಿ. ದಿನಾ ಅಂಗಳ ಗುಡಿಸಿದ್ದನ್ನು ಹಾಗೆ ಒಯ್ದು ಹಾಕುತ್ತಾರಂತೆ. ಬರಿದಾಗಿದ್ದ ಜಾಗ ಮೊಣಕಾಲೆತ್ತರ ಮುಚ್ಚಿಹೋಗಿತ್ತು.

"ಇಷ್ಟು ಸಾಕಾಯ್ತದಾ?" ಎಂದು ಕೇಳಿದರು.

ಆ ಎಳೆಗಳಿಗೆ ಯಾವ ಎಲೆ ಬೇಕು, ಹಲಸಿನದು ಆಗುತ್ತದೆಯೇ, ಸೋಗೆ ಹೆಚ್ಚಾದರೆ ಏನು, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.

"ಅಂಗಾರೆ ನಾಳೀಕೂ ತತ್ತೀನಿ," ಎಂದು ಮಂಕರಿ ಕೊಡವಿದರು.