ಒಳಗೆ ಬಿಟ್ಟದ್ದನ್ನು ಮೊದಲು ಬರೀರಿ

ನಮ್ಮ ಮನೆಯವರ ಎಡಗಡೆಯ ಕಿಡ್ನಿ ಉಳಿದದ್ದು ಸಾಗರದ ಒಬ್ಬ ಡಾಕ್ಟರಿಂದ. ಅದನ್ನು ಹಾಳು ಮಾಡಲು ಹೊರಟಿದ್ದವಳು ನಾನು. ಎರಡನ್ನೂ ಬರೆಯಬೇಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅಕ್ಷರ ಕೂಡಿಸಲು ಹೊತ್ತು ಹಿಡಿಯುತ್ತದೆ. ಹಿಡಿಯಲಿ.

ಮನೆಯವರಿಗೆ ಕಿಡ್ನಿಯಲ್ಲಿ ಕಲ್ಲು ಕಟ್ಟಿ, ಸೊಂಟ ಹಿಡಿದುಕೊಂಡು ನೆಲದ ಮೇಲೆ ಹೊರಳಾಡುವ ಹಾಗಾದಾಗ, ಹೊಸನಗರದಿಂದ ಘಟ್ಟ ಇಳಿಸಿ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಎರಡೇ ದಿನದಲ್ಲಿ ಆಪರೇಷನ್ ಮಾಡಿ ಕಳಿಸಿದರು. ಮೈಮೇಲೆ ಒಂದು ಗೀರೂ ಇರಲಿಲ್ಲ. ನನ್ನ ಕೊನೆಯ ಹೆರಿಗೆ ಹೊಟ್ಟೆ ಕೊಯ್ದು ಆದದ್ದು. ಆಗ ಹೊಲಿಗೆ ಬಿಚ್ಚಿಸಲು ಮತ್ತೆ ಹೋಗಿದ್ದೆ. ನಮ್ಮ ಕಡೆ ಹೊಲಿಗೆ ಬಿಚ್ಚಿದ ದಿನವೇ ಆಪರೇಷನ್ ಮುಗಿದ ದಿನ. ಹೊಲಿಗೆಯೇ ಹಾಕದ ಮೇಲೆ ಮತ್ತೆ ಹೋಗುವುದು ಯಾತಕ್ಕೆ? ಹೊರಡುವಾಗ ಅಲ್ಲಿಯ ಸಿಸ್ಟರ್, ತಿಂಗಳಿಗೆ ಬರಲೇಬೇಕು ಎಂದು ಹೇಳಿದ್ದು ನಿಜ. ಸುಮ್ಮನೆ ಮುಖ ತೋರಿಸಿ ಬರುವುದಕ್ಕೆ ಎಂದುಕೊಂಡೆ. ತಿಂಗಳಾಗುವಾಗ ಗದ್ದೆಯಲ್ಲಿ ಸಸಿ ನೆಡುವ ನೆಟ್ಟಿ ಕೆಲಸ ಶುರುವಾಗಿತ್ತು. ಗಟ್ಟಿಮುಟ್ಟಾಗಿ ಓಡಾಡುವ ಗಂಡಸನ್ನು ಗದ್ದೆಯಿಂದ ಎಬ್ಬಿಸಿಕೊಂಡು ಹೋಗುವುದು ಬೇಡ ಎಂದು ನಾನೇ ಹೇಳಿದೆ.

ಇನ್ನೊಂದು ತಪ್ಪು ಮಾಡಿದೆ. ಅವರು ಕೊಟ್ಟ ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟೆ. ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿಟ್ಟ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಗೇಣಿ ಗದ್ದೆ ನಮ್ಮ ಹೆಸರಿಗಾದಾಗ ಬಂದ ಪತ್ರವನ್ನು ಅತ್ತೆ ಅಲ್ಲೇ ಇಟ್ಟಿದ್ದರು, ಇಂದಿಗೂ ಒಂದು ಅಕ್ಷರ ಅಳಿಸಿಲ್ಲ. ಆಸ್ಪತ್ರೆಯ ಚೀಟಿಗಳಾದರೋ ಬಸ್ ಟಿಕೆಟಿನಂತಹ ನುಣುಪು ಕಾಗದ. ಒಲೆಯ ಬಿಸಿ ತಾಗಿ ಎಲ್ಲ ಕಪ್ಪಾಗಿ ಕೂತವು. ಅದು ನನಗೆ ಗೊತ್ತಾದದ್ದು ಕೊಯ್ಲಿನ ಹೊತ್ತಿಗೆ, ಮನೆಯವರಿಗೆ ಚಳಿಜ್ವರ ಬಂದು ಉಚ್ಚೆಯಲ್ಲಿ ರಕ್ತ ಕಾಣಿಸಿದ ದಿನ.

ಆಗ ಹೋದದ್ದು ಸಾಗರಕ್ಕೆ. ಡಾಕ್ಟರು ನಮ್ಮ ಮಗನಿಗಿಂತ ಚಿಕ್ಕವರು. ಕವರು ಬಿಚ್ಚಿ ಕಪ್ಪು ಕಾಗದಗಳನ್ನು ಒಂದೊಂದೇ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು.

"ಅಜ್ಜಿ, ಎಂತ ಆಪರೇಷನ್ ಆಗಿದ್ದು?"

"ಲೇಸರ್ ಅಂತ ಹೇಳಿದ್ರಪ್ಪ. ಮೇಳಿಗೆ ಊರಲ್ಲಿ ನನ್ನ ಅಣ್ಣ ಇದಾನೆ, ಅವನು ದುರ್ಬೀನು ಆಪರೇಷನ್ ಅಂತಾನೆ. ಪಕ್ಕದ ಮನೆಯೋರು ಕೀಹೋಲ್ ಅಂತಾರೆ."

"ಲೇಸರ್ ಅಂದ್ರೆ ಕತ್ತಿ ಇದ್ದ ಹಾಗೆ. ಆ ಕತ್ತೀಲಿ ಎಲ್ಲಿ, ಎಂತ ಮಾಡಿದ್ರು ಅಂತ ನಾನು ಕೇಳ್ತಿರೋದು. ಬೆನ್ನಲ್ಲಿ ತೂತು ಹಾಕಿದ್ರಾ?"

"ಇಲ್ಲ. ಉಚ್ಚೆ ಹೊಯ್ಯೋ ದಾರೀಲಿ ಹೋಗಿದ್ದು."

ಮನೆಯವರು ಗೋಡೆ ಕಡೆ ಮುಖ ತಿರುಗಿಸಿದರು. "ಅಷ್ಟು ಜೋರಾಗಿ ಹೇಳ್ಬೇಕಾ ನೀನು?"

"ನಾಚ್ಕೆ ಮನೇಲಿ ಇಟ್ಕಳ್ರಿ, ಇಲ್ಲಿ ಡಾಕ್ಟ್ರಿಗೆ ಸರಿ ಹೇಳಿ" ಎಂದೆ.

ಡಾಕ್ಟರು ನಗಲಿಲ್ಲ. ತಕ್ಷಣ ಎಕ್ಸ್‌ರೇ ಮಾಡಿಸಿ, ಪರದೆಯ ಮೇಲೆ ನನಗೇ ತೋರಿಸಿದರು. ಕಿಡ್ನಿಯಿಂದ ಮೂತ್ರಚೀಲದವರೆಗೆ ಒಂದು ಸಣ್ಣ ನಳಿಗೆ, ಎರಡೂ ತುದಿ ಜರಿಗಿಡದ ಚಿಗುರಿನಂತೆ ಸುರುಳಿ ಸುತ್ತಿಕೊಂಡಿತ್ತು. ಕಲ್ಲು ಒಡೆದ ಮೇಲೆ ದಾರಿ ಕಟ್ಟದಿರಲಿ ಎಂದು ಇಡುತ್ತಾರಂತೆ. ತಿಂಗಳಿನೊಳಗೆ ತೆಗೆಯಬೇಕಿತ್ತು. ಆರು ತಿಂಗಳಾಗಿತ್ತು. ನಳಿಗೆಯ ಮೇಲೆಯೇ ಹೊಸ ಕಲ್ಲು ಕಟ್ಟಿತ್ತು.

"ಕಿಡ್ನಿ ಉಳೀತದಾ?"

"ನಳಿಗೆ ತೆಗೆಯೋವರೆಗೆ ಹೇಳೋದು ಕಷ್ಟ ಅಜ್ಜಿ. ಎರಡು ಸಲ ಆಪರೇಷನ್ ಮಾಡ್ಬೇಕಾಗ್ತದೆ."

ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಬೈಯಲಿಲ್ಲ. ಘಟ್ಟದ ಕೆಳಗಿನ ಆಸ್ಪತ್ರೆಗೆ ಫೋನ್ ಮಾಡಿ ಏನು ಮಾಡಿದ್ದರೆಂದು ಕೇಳಿ ತಿಳಿದುಕೊಂಡರು. ಮೊದಲು ಜ್ವರ ಇಳಿಸಿ, ಆಮೇಲೆ ನಳಿಗೆಯ ಕೆಳಗಿನ ತುದಿಗೆ ಕಟ್ಟಿದ್ದ ಕಲ್ಲನ್ನು ಪುಡಿ ಮಾಡಿದರು. ಮೇಲಿನದಕ್ಕೆ ಒಂದು ವಾರ ಕಾಯಬೇಕು ಎಂದರು.

ಆ ವಾರದಲ್ಲಿ ಒಂದು ದಿನ ಸಿಸ್ಟರ್ ಬಂದು, "ಅಜ್ಜಿ, ಮೇಲಿನ ರೂಮಿಗೆ ಬನ್ನಿ, ಡಾಕ್ಟ್ರು ಕರೀತಿದಾರೆ" ಎಂದಳು. ಕಿಡ್ನಿ ಹೋಯಿತೆಂದು ಹೇಳುವುದಕ್ಕೇ ಇರಬೇಕು ಎಂದು ಕಾಲು ಎಳೆದುಕೊಂಡು ಹತ್ತಿದೆ. ನೋಡಿದರೆ ಅಲ್ಲಿ ಮೀಟಿಂಗು. ತೀರ್ಥಹಳ್ಳಿಯಿಂದ ಬಂದ ಒಬ್ಬ ವಯಸ್ಸಾದ ಡಾಕ್ಟರು, ಸಿಸ್ಟರುಗಳು, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಆಶಾ ಕಾರ್ಯಕರ್ತೆಯರು ಕೂತಿದ್ದರು. ಕೊಯ್ಯದೆ ಮಾಡುವ ಹೊಸ ಆಪರೇಷನ್ನುಗಳಿಗೆ ಒಂದೊಂದಕ್ಕೆ ಒಂದೇ ಹೆಸರು ಇರಬೇಕು, ಎಲ್ಲ ಕಡೆಯೂ ಅದೇ ಹೆಸರು ಬರೆಯಬೇಕು ಎಂದು ನಮ್ಮ ಡಾಕ್ಟರು ಎಲ್ಲರನ್ನೂ ಸೇರಿಸಿದ್ದರು. ನಮ್ಮ ಕಪ್ಪು ಚೀಟಿಗಳ ಕತೆ ಹೇಳಲಿ ಎಂದು ನನ್ನನ್ನೂ ಕರೆಸಿದ್ದರು.

"ಇಂಗ್ಲಿಷ್ ಹೆಸರು ಇದ್ದ ಹಾಗೇ ಇರಲಿ. ಲೋಕಕ್ಕೆಲ್ಲ ಗೊತ್ತಾಗ್ತದೆ" ಎಂದರು ತೀರ್ಥಹಳ್ಳಿಯವರು.

"ಲೋಕದಲ್ಲೂ ಒಂದೇ ಹೆಸರಿಲ್ಲ ಸಾರ್" ಎಂದರು ನಮ್ಮವರು. "ಮಿಷನ್ನು ಹೊಸದು ಬಂದ ಹಾಗೆ ಹೆಸರೂ ಹೊಸದು. ಬೆನ್ನಿಂದ ಹೋಗೋದಕ್ಕೇ ಸಣ್ಣ ತೂತು, ಅದಕ್ಕಿಂತ ಸಣ್ಣ, ಇನ್ನೂ ಸಣ್ಣ ಅಂತ ಹೆಸರು ಇಟ್ಟಿದಾರೆ. ಯಾವುದು ಎಷ್ಟು ಸಣ್ಣ ಅಂತ ಎಲ್ರಿಗೂ ಒಪ್ಪಿಗೆ ಇಲ್ಲ."

ಬಹಳ ಹೊತ್ತು ಅದೇ ಆಯಿತು. ಉಚ್ಚೆ ಎಂದು ಬರೆಯುವುದೋ ಮೂತ್ರ ಎಂದೋ ಎಂಬುದಕ್ಕೇ ಕಾಲು ಗಂಟೆ ಹೋಯಿತು. ನಾನು ಮನೆಯವರನ್ನು ಕೆಳಗೆ ಬಿಟ್ಟು ಬಂದವಳು. ತಡೆಯದೆ ಹೇಳಿದೆ:

"ಹೆಸರು ಎಂತ ಬೇಕಾದ್ರೂ ಇಟ್ಕಳಿ. ಒಳಗೆ ಎಂತಾದ್ರೂ ಬಿಟ್ಟಿದೀರಾ, ಅದನ್ನ ಯಾವತ್ತು ತೆಗೀತೀರಾ, ಅದನ್ನ ಮೊದಲು ಬರೀರಿ. ಹೊಲಿಗೆ ಇದ್ರೆ ನಮಗೆ ಕಣ್ಣಿಗೆ ಕಾಣ್ತದೆ, ಬಿಚ್ಚಿಸೋಕೆ ಬತ್ತೀವಿ. ಒಳಗಿದ್ದಿದ್ದು ನಮಗೆ ಹೆಂಗೆ ಕಾಣ್ಬೇಕು?"

ತೀರ್ಥಹಳ್ಳಿಯ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, "ಈ ಅಮ್ಮನ್ನ ಮೊದಲೇ ಮಾತಾಡಿಸಿದ್ರೆ ಇಷ್ಟೊತ್ತಿಗೆ ಊಟ ಆಗ್ತಿತ್ತು" ಎಂದರು.

ಆಮೇಲೆ ಬೇಗ ಮುಗಿಯಿತು. ಒಂದು ದಪ್ಪ ಕಾರ್ಡು. ಮೊದಲನೇ ಸಾಲು, ಒಳಗೆ ಬಿಟ್ಟದ್ದು. ಎರಡನೆಯದು, ತೆಗೆಯುವ ದಿನ. ಅದರ ಕೆಳಗೆ ಯಾವ ದಾರಿಯಿಂದ ಹೋದದ್ದು, ಎಲ್ಲಿಗೆ ಹೋದದ್ದು, ಏನು ಮಾಡಿದ್ದು. ಲೇಸರೋ ಇನ್ನೊಂದೋ, ಅದು ಕೊನೆಗೆ. ಇಂಗ್ಲಿಷ್ ಹೆಸರು ಪಕ್ಕದಲ್ಲಿ. ಆ ನಳಿಗೆಗೆ ಇಂಗ್ಲಿಷಿನಲ್ಲಿ ಸ್ಟೆಂಟ್ ಅನ್ನುತ್ತಾರಂತೆ. ಸ್ಟೆಂಟ್ ಎಂದರೆ ಜನ ಹೃದಯಕ್ಕೆ ಹಾಕುವುದು, ಜೀವ ಇರುವವರೆಗೆ ಇರುವುದು ಎಂದುಕೊಳ್ಳುತ್ತಾರೆ ಎಂದು ಒಬ್ಬ ಆಶಾ ಹುಡುಗಿ ಹೇಳಿದಳು. ಅದಕ್ಕೆ, ತೆಗೆಯಲೇಬೇಕಾದ ನಳಿಗೆ ಎಂದು ಬರೆಯುವುದಾಯಿತು.

ಅಲ್ಲಿ ನಮ್ಮ ಡಾಕ್ಟರು ಹೇಳಿದ ಒಂದು ಮಾತು ನನಗೆ ಮರೆಯುವುದಿಲ್ಲ. "ತಪ್ಪು ನಂದೇ, ತಿಂಗಳಿಗೆ ಬನ್ನಿ ಅಂತ ಅವ್ರು ಹೇಳಿದ್ರು, ನಾವು ಹೋಗ್ಲಿಲ್ಲ" ಎಂದು ನಾನು ಹೇಳಿದಾಗ, "ನಿಮಗೆ ತಿಳಿಯೋ ಹಾಗೆ ನಾವು ಡಾಕ್ಟ್ರುಗಳು ಬರೆದಿರ್ಲಿಲ್ಲ, ಅದೂ ತಪ್ಪೇ" ಎಂದರು. ನನ್ನ ತಪ್ಪಿನಲ್ಲಿ ಪಾಲು ತೆಗೆದುಕೊಳ್ಳಲು ಬಂದವರು ನನ್ನ ಆಯುಷ್ಯದಲ್ಲಿ ಅವರೊಬ್ಬರೇ.

ವಾರದ ಮೇಲೆ ನಳಿಗೆ ಹೊರಗೆ ಬಂತು. ತಟ್ಟೆಯಲ್ಲಿಟ್ಟು ತೋರಿಸಿದರು. ಬಚ್ಚಲ ಹಂಡೆಯೊಳಗೆ ಕಟ್ಟುವ ಉಪ್ಪಿನ ಕರೆಯ ಹಾಗೆ ಅದರ ಮೇಲೆ ಕಲ್ಲು ಬೆಳ್ಳಗೆ ಕಟ್ಟಿತ್ತು. ಮತ್ತೆ ಹದಿನೈದು ದಿನ ಬಿಟ್ಟು ಸ್ಕ್ಯಾನ್ ಮಾಡಿದರು. ಬರಲು ಹೇಳಿದ ದಿನವೇ ಹೋಗಿದ್ದೆವು, ಆಸ್ಪತ್ರೆಯ ಬಾಗಿಲು ತೆಗೆಯುವ ಮೊದಲೇ.

"ಸ್ವಲ್ಪ ಸೊರಗಿದೆ ಅಜ್ಜಿ, ಆದ್ರೆ ಕೆಲ್ಸ ಮಾಡ್ತಿದೆ. ಉಳೀತು" ಎಂದರು ಡಾಕ್ಟರು. ನಾನು ಕೈ ಮುಗಿದೆ.

ಹೊರಡುವಾಗ ಸಿಸ್ಟರ್ ಹೊಸ ಕಾರ್ಡು ತುಂಬಿ ಕೊಟ್ಟಳು. ಅಚ್ಚಾಗಿ ಬಂದಿದ್ದರಲ್ಲಿ ಮೊದಲನೆಯದು. ಓದಿ ಹೇಳಲಾ ಎಂದು ಕೇಳಿದಳು. ಬೇಡ ಎಂದೆ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬೆರಳಿಟ್ಟು ನಾನೇ ಓದಿದೆ. ಒಳಗೆ ಬಿಟ್ಟದ್ದು: ಏನೂ ಇಲ್ಲ. ಮತ್ತೆ ಮೊದಲಿಂದ ಓದಿದೆ.

"ಎಷ್ಟ್ ಸಲ ಓದ್ತೀಯ ಮಾರಾಯ್ತಿ, ಹೊಸನಗರದ ಬಸ್ಸು ಹೊರಡ್ತಾ ಇದೆ" ಎಂದರು ಮನೆಯವರು.

"ಹೋಗ್ಲಿ ಬಿಡ್ರಿ" ಎಂದೆ. "ಇನ್ನೊಂದು ಬತ್ತದೆ."